ತಾಯಿಯ ಕಣ್ಣು, ಮಗಳ ಕನ್ನಡಿ
(ಮೈಸೂರು ನಗರದ ಮನೆಗಳಲ್ಲಿ ಹೆಣ್ಣುಮಕ್ಕಳ ದೇಹಭಾವನೆಯ ಚರಿತ್ರೆ)

೧

ಹಿಮವಂತನ ಮಗಳಿಗೆ ಬಂಧುಜನರು ಇಟ್ಟ ಹೆಸರು ಪಾರ್ವತಿಯೆಂದು. ಅಷ್ಟೇ ಪ್ರಸಿದ್ಧವಾದ ಉಮೆಯೆಂಬ ಹೆಸರಾದರೋ ತಾಯಿಯ ಬಾಯಿಂದ ಬಂದುದು. ತಪಸ್ಸಿಗೆ ಹೊರಟು ನಿಂತ ಮಗಳನ್ನು ಕಂಡು ಮೇನಾದೇವಿಯು ‘ಉ, ಮಾ’, ಎಂದರೆ ‘ಎಲೆ ಮಗಳೆ, ಬೇಡ’ ಎಂದು ತಡೆದಳೆಂದೂ, ಆ ತಡೆಯ ಮಾತೇ ಮಗಳಿಗೆ ನಾಮಧೇಯವಾಗಿ ನಿಂತಿತೆಂದೂ ಕಾಳಿದಾಸನು ಕುಮಾರಸಂಭವದಲ್ಲಿ ಹೇಳಿರುವನು. ಹೂವಿನಂತಹ ಈ ಮೈ ತಪಸ್ಸಿನ ಕಾಠಿಣ್ಯವನ್ನು ತಾಳಲಾರದೆಂಬುದೇ ಆ ತಾಯಿಯ ಭಯ. ಮಗಳು ಆ ಮಾತನ್ನು ಕೇಳಲಿಲ್ಲ. ಬೇಸಗೆಯಲ್ಲಿ ಬೆಂಕಿಯ ನಡುವೆಯೂ ಚಳಿಗಾಲದಲ್ಲಿ ನೀರಿನಲ್ಲಿಯೂ ನಿಂತು ತಪಸ್ಸನ್ನು ಮಾಡಿದಳು. ಆಗ ಕವಿಗೆ ತೋರಿದುದೇನೆಂದರೆ, ಆ ಶರೀರವು ಸ್ವಭಾವದಿಂದ ಮೃದುವಾಗಿದ್ದರೂ ಒಳಗೆ ಸಾರವುಳ್ಳದ್ದಾಗಿದ್ದಿತು ಎಂಬುದು. ತಾಯಿಯು ಮೃದುತ್ವವನ್ನು ಮಾತ್ರ ಕಂಡಳು, ಸಾರವನ್ನು ಕಾಣಲಿಲ್ಲ. ಅದು ಪ್ರೀತಿಯ ಕೊರತೆಯಲ್ಲ; ಪ್ರೀತಿಯ ಆಧಿಕ್ಯದಿಂದ ಉಂಟಾದ ದೃಷ್ಟಿದೋಷ.

ಮನುಷ್ಯನು ತನ್ನ ಮೈಯನ್ನು ಮನಸ್ಸಿನಲ್ಲಿ ಕಂಡುಕೊಳ್ಳುವ ಬಗೆಗೆ ಈಚಿನ ಮನಶ್ಶಾಸ್ತ್ರಜ್ಞರು ದೇಹಭಾವನೆಯೆಂಬ ಅರ್ಥದ ಹೆಸರನ್ನು ಕೊಟ್ಟಿರುವರು. ಮೈ ಇರುವುದು ಬೇರೆ, ಮೈ ಹೀಗಿದೆಯೆಂದು ತಿಳಿಯುವುದು ಬೇರೆ. ಒಬ್ಬಳು ಆರೋಗ್ಯವಂತಳಾಗಿದ್ದೂ ತಾನು ಕುರೂಪಿಯೆಂದು ಕೊರಗಬಹುದು. ಇನ್ನೊಬ್ಬಳು ಮುಖದಲ್ಲಿ ಕಲೆಯಿದ್ದೂ ತಲೆಯೆತ್ತಿ ನಡೆಯಬಹುದು. ಈ ಭಾವನೆಯು ಹುಟ್ಟಿನೊಡನೆ ಬರುವುದಲ್ಲ; ಕಲಿತು ಬರುವುದು. ಕನ್ನಡಿಯೆಂಬ ವಸ್ತುವು ಕೈಗೆ ಸಿಗುವುದಕ್ಕೆ ಮುಂಚೆಯೇ ಮಗುವಿಗೆ ತಾಯಿಯ ಕಣ್ಣೆಂಬ ಕನ್ನಡಿಯು ದೊರೆಯುತ್ತದೆ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಜನರು ನಡತೆಯ ವಿಷಯದಲ್ಲಿ ಹೇಳುವುದುಂಟು. ಮೈಯ ಮೇಲಣ ಅಭಿಮಾನಕ್ಕೂ ಅಳುಕಿಗೂ ಆ ಗಾದೆಯು ಅಷ್ಟೇ ಸಲ್ಲುತ್ತದೆ.

ಮೈಸೂರು ನಗರದಲ್ಲಿ ಈ ನೂಲಿನ ಎಳೆಯನ್ನು ಮುನ್ನೂರು ವರ್ಷಗಳಷ್ಟು ಹಿಂದಕ್ಕೆ ಹಿಡಿದು ನೋಡಲು ಸಾಧ್ಯವಿದೆ. ಅರಮನೆಯ ಚಿತ್ರ, ಮನೆಯ ಆಚಾರ, ಪಾಠಶಾಲೆ, ಯೋಗಶಾಲೆ, ಆಸ್ಪತ್ರೆ, ಇವು ಒಂದೊಂದೂ ಈ ವಿಷಯದಲ್ಲಿ ಸಾಕ್ಷಿ ಹೇಳುವುವು.

೨

ಮೊದಲನೆಯ ಸಾಕ್ಷಿಯು ಸಂಚಿಯ ಹೊನ್ನಮ್ಮನದು. ಚಿಕ್ಕದೇವರಾಜ ಒಡೆಯರು ೧೬೭೩ರಿಂದ ೧೭೦೪ರ ವರೆಗೆ ಆಳಿದರು. ಅವರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಈಕೆಯು ‘ಹದಿಬದೆಯ ಧರ್ಮ’ವೆಂಬ ಗ್ರಂಥವನ್ನು ಸಾಂಗತ್ಯದಲ್ಲಿ ರಚಿಸಿದಳು. ಹೆಸರೇ ಹೇಳುವಂತೆ ಅದು ಪತಿವ್ರತೆಯ ಧರ್ಮವನ್ನು ಬೋಧಿಸುವ ಕೃತಿಯೇ ಹೊರತು ಹೆಣ್ಣಿನ ಸ್ವಾತಂತ್ರ್ಯವನ್ನು ಸಾರುವುದಕ್ಕಾಗಿ ಹೊರಟುದಲ್ಲ. ಆದರೂ ಹೆಣ್ಣೆಂದು ಹಳಿಯುವವರನ್ನು ಕುರಿತು ಹೊನ್ನಮ್ಮನು ಹಾಕಿದ ಪ್ರಶ್ನೆಯು ಕನ್ನಡಿಗರಲ್ಲಿ ಮನೆಮಾತಾಗಿದೆ: ಹೆತ್ತವಳೂ ಹೊರೆದವಳೂ ಹೆಣ್ಣೇ ಆಗಿರಲು ಹೆಣ್ಣನ್ನು ಕೀಳೆನ್ನುವುದು ಕಣ್ಣಿಲ್ಲದ ಮಾತಲ್ಲವೆ ಎಂಬುದು ಅದರ ತಾತ್ಪರ್ಯ.

ಈ ವಾದದ ಬಲವನ್ನು ಗಮನಿಸತಕ್ಕದ್ದು. ಹೆಣ್ಣಿನ ಹಿರಿಮೆಗೆ ಹೊನ್ನಮ್ಮನು ಅವಳ ರೂಪವನ್ನು ಪ್ರಮಾಣವಾಗಿ ತರಲಿಲ್ಲ. ಹೊತ್ತು ಹೆತ್ತು ಸಲಹಿದ ಮೈಯನ್ನು ತಂದಳು. ಮೈಯು ನೋಡಿಸಿಕೊಳ್ಳುವ ವಸ್ತುವಲ್ಲ, ಕೆಲಸ ಮಾಡುವ ಶಕ್ತಿಯೆಂಬ ಈ ತಿಳಿವಳಿಕೆಯು ಅರಮನೆಯ ಊಳಿಗದ ಹೆಂಗಸೊಬ್ಬಳಿಂದ ಬಂದಿತೆಂಬುದು ಅರ್ಥವತ್ತಾಗಿದೆ. ದುಡಿಯುವವರಿಗೆ ಮೈಯ ಬೆಲೆಯು ಬೇರೆ ಬಗೆಯಾಗಿ ತಿಳಿದಿರುತ್ತದೆ.

೩

ಎರಡನೆಯ ಸಾಕ್ಷಿಯು ಒಂದು ವರ್ಣಚಿತ್ರ. ೧೮೦೫ರ ಸುಮಾರಿಗೆ ಐರ್ಲೆಂಡಿನ ಚಿತ್ರಕಾರ ತಾಮಸ್ ಹಿಕಿಯು ತೈಲವರ್ಣದಲ್ಲಿ ರಚಿಸಿದನೆನ್ನಲಾದ ಈ ಚಿತ್ರದಲ್ಲಿ ಮೂವರು ಸ್ತ್ರೀಯರು ನಿಂತಿರುವರು. ಬಹುಕಾಲ ಇವರನ್ನು ನರ್ತಕಿಯರೆಂದು ಭಾವಿಸಲಾಗಿದ್ದಿತು. ಇವರು ಮೈಸೂರಿನ ಅಂತಃಪುರದವರೆಂದು ಕೇಂಬ್ರಿಜ್ಜಿನ ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅವರು ಪ್ರತಿಪಾದಿಸಿದರು. ಅವರ ಮತದಂತೆ ಬಲಗಡೆಯಲ್ಲಿ ನಿಂತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ನಡುವೆ ನಿಂತವರು ರಾಜರ ಅಜ್ಜಿಯಾದ ಲಕ್ಷ್ಮಮ್ಮಣ್ಣಿಯವರು. ಈ ಗುರುತನ್ನು ಎಲ್ಲ ವಿದ್ವಾಂಸರೂ ಒಪ್ಪಿರುವುದಿಲ್ಲವಾದರೂ, ಚಿತ್ರದಲ್ಲಿ ಕಾಣುವ ಅಂಶಗಳು ವಿಚಾರಕ್ಕೆ ಅರ್ಹವಾಗಿವೆ.

ಅದನ್ನು ತಿಳಿಯಬೇಕಾದರೆ ಸಿಡುಬೆಂಬ ವ್ಯಾಧಿಯನ್ನು ನೆನೆಯಬೇಕು. ಮೈಸೂರು ಸೀಮೆಯವರು ಅದನ್ನು ಮೈಲಿಯೆನ್ನುತ್ತಿದ್ದರು. ದೇವಿಯ ಅನುಗ್ರಹವೆಂದೋ ಆಗ್ರಹವೆಂದೋ ಹೆದರಿ ‘ಅಮ್ಮ’ನೆಂದೂ ಕರೆಯುತ್ತಿದ್ದರು. ಪ್ರಾಣವನ್ನು ಉಳಿಸಿ ಹೋದರೂ ಅದು ಮುಖದಲ್ಲಿ ಕುಳಿಗಳನ್ನೂ ಕೆಲವರಲ್ಲಿ ಕುರುಡನ್ನೂ ಬಿಟ್ಟುಹೋಗುತ್ತಿದ್ದಿತು. ಗಂಡುಮಗನ ಮುಖದ ಕಲೆಯನ್ನು ಯಾರೂ ಎಣಿಸುತ್ತಿರಲಿಲ್ಲ. ಹೆಣ್ಣುಮಗಳ ಮುಖದ ಕಲೆಯು ತಾಯಿಗೆ ನಿದ್ರೆಗೇಡಾಗುತ್ತಿದ್ದಿತು. ಇದನ್ನು ತಡೆಯಲು ಹಿಂದಿನ ಕಾಲದಲ್ಲಿ ಒಂದು ಉಪಾಯವಿದ್ದಿತು. ರೋಗಿಯ ಗುಳ್ಳೆಯ ದ್ರವ್ಯವನ್ನು ಅಲ್ಪ ಪ್ರಮಾಣದಲ್ಲಿ ಆರೋಗ್ಯವಂತರಿಗೆ ತಾಗಿಸಿ ರೋಗವನ್ನು ಸೌಮ್ಯವಾಗಿ ಬರಿಸುವುದೇ ಆ ಉಪಾಯ. ಅದರಲ್ಲಿ ಅಪಾಯವೂ ಕಲೆಯೂ ಇದ್ದುವು. ೧೭೯೬ರಲ್ಲಿ ಇಂಗ್ಲೆಂಡಿನ ಜೆನ್ನರ್ ಪಂಡಿತನು ಗೋವಿನ ಸಿಡುಬಿನ ದ್ರವ್ಯದಿಂದ ಲಸಿಕೆ ಹಾಕುವ ಕ್ರಮವನ್ನು ಪರೀಕ್ಷಿಸಿದನು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಅದು ಮೊದಲು ಫಲಿಸಿತು. ಅಲ್ಲಿಂದ ಮೂರು ವರ್ಷಗಳೊಳಗಾಗಿ ಈ ವಿಷಯವು ಮೈಸೂರಿನ ಅಂತಃಪುರಕ್ಕೆ ಬಂದುದು ಸೋಜಿಗವಾಗಿದೆ.

ಚಿತ್ರದ ಎಡಗಡೆಯ ರಾಣಿಯ ಮೂಗಿನ ಕೆಳಗೂ ಬಾಯ ಸುತ್ತಲೂ ಚರ್ಮದ ಬಣ್ಣವು ತಿಳಿಯಾಗಿದೆ. ಅದು ಹಳೆಯ ಉಪಾಯದ ಗುರುತೆಂದು ಚಾನ್ಸೆಲರ್ ಅವರ ಊಹೆ. ಬಲಗಡೆಯ ಕಿರಿಯ ರಾಣಿಯ ಮುಖವು ಕಲೆಯಿಲ್ಲದೆ ಶುಭ್ರವಾಗಿದೆ. ಅವಳು ಸೀರೆಯ ಸೆರಗನ್ನು ಸರಿಸಿ ಎಡದ ತೋಳನ್ನು, ಲಸಿಕೆಯನ್ನು ಹಾಕುವ ಸ್ಥಳವನ್ನು, ನೋಡುವವರಿಗೆ ತೋರಿಸುತ್ತಿರುವಂತೆ ನಿಂತಿದ್ದಾಳೆ. ಲಕ್ಷ್ಮಮ್ಮಣ್ಣಿಯವರ ಪತಿಯು ಸಿಡುಬಿನಿಂದಲೇ ತೀರಿಕೊಂಡರೆಂದೂ ಅದೇ ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಈ ಚಿತ್ರವು ಒಂದು ಮನೆಯ ಹಿರಿಯಳು ತನ್ನ ದುಃಖದಿಂದ ಕಲಿತ ಪಾಠವನ್ನು ಕಿರಿಯಳ ತೋಳಿನ ಮೇಲೆ ಬರೆಸಿದುದರ ಲೇಖ್ಯವೆನ್ನಬೇಕು. ೧೭೯೯ರಲ್ಲಿ ಐದು ವರ್ಷದ ಮೊಮ್ಮಗನ ಪರವಾಗಿ ರಾಜ್ಯವನ್ನು ಮರಳಿ ಪಡೆದುಕೊಂಡ ಆ ಧೀರೆಗೆ ಇಂತಹ ನಿಶ್ಚಯವು ಅಸಾಧ್ಯವಾದುದಲ್ಲ.

ಈ ಚಿತ್ರದಲ್ಲಿ ಆಭರಣಗಳು ಬೇಕಾದಷ್ಟಿವೆ. ಆದರೆ ಚಿತ್ರದ ಮರ್ಮವು ಆಭರಣವಿಲ್ಲದ ಒಂದಂಗುಲ ಚರ್ಮದಲ್ಲಿದೆ. ಅರಮನೆಯ ಹೆಂಗಸಿನ ತೋಳು ಇಲ್ಲಿ ಅಲಂಕಾರಕ್ಕಾಗಿ ಅಲ್ಲ, ಆರೋಗ್ಯಕ್ಕಾಗಿ ತೆರೆಯಿತು. ರಾಣಿಯೇ ಹಾಕಿಸಿಕೊಂಡಳೆಂದರೆ ಪ್ರಜೆಗಳೂ ಅಂಜಿಕೆಯನ್ನು ಬಿಡುವರೆಂಬ ಎಣಿಕೆಯೂ ಅದರಲ್ಲಿದ್ದಿರಬೇಕು. ಹನ್ನೆರಡರ ಆಸುಪಾಸಿನ ಆ ಬಾಲಿಕೆಯ ಇಷ್ಟವೇನಿದ್ದಿತೆಂದು ಕೇಳಿದವರಿಲ್ಲವೆಂಬ ಮಾತು ನಿಜ. ಹಿರಿಯರ ಕೈಯಲ್ಲಿ ಕಿರಿಯಳ ಮೈ ಇರುವಾಗ ಉಪಕಾರವೂ ಬಲಾತ್ಕಾರವೂ ಒಂದೇ ಬಾಗಿಲಿನಿಂದ ಬರುವುದುಂಟು. ಇಲ್ಲಿ ಬಂದುದು ಉಪಕಾರ. ೧೯೮೦ರಲ್ಲಿ ಸಿಡುಬು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು.

೪

ಅರಮನೆಯಿಂದ ಊರಿನ ಮನೆಗಳಿಗೆ ಬಂದರೆ, ತಾಯಿಯ ಕೈಯು ಮಗಳ ಮೈಯನ್ನು ಮೊದಲು ಮುಟ್ಟುವುದು ಎಣ್ಣೆಯೊಡನೆ. ವಾರಕ್ಕೊಮ್ಮೆ ಅಭ್ಯಂಜನ, ಹಂಡೆಯ ಬಿಸಿನೀರು, ಸೀಗೆಪುಡಿ, ಕಡಲೆಹಿಟ್ಟು, ಅರಿಶಿನ, ಕಡೆಗೆ ಕೂದಲಿಗೆ ಸಾಂಬ್ರಾಣಿಯ ಹೊಗೆ. ಮೈಯನ್ನು ತಿಕ್ಕುವ ಆ ಕೈಯಲ್ಲಿ ಪರೀಕ್ಷೆಯಿರಲಿಲ್ಲ, ಪ್ರೀತಿಯಿದ್ದಿತು. ಸ್ನಾನವಾದ ಮೇಲೆ ಕೆನ್ನೆಗೆ ಒಂದು ದೃಷ್ಟಿಬೊಟ್ಟು. ಈ ಬೊಟ್ಟಿನ ಅರ್ಥವು ರಮ್ಯವಾದುದು. ಮಗುವು ಕಣ್ಣು ಬೀಳುವಷ್ಟು ಚೆಲುವಾಗಿದೆಯೆಂದು ತಾಯಿಯು ಅದರಿಂದ ಸಾರುತ್ತಾಳೆ. ಆ ಚೆಲುವಿಗೆ ತಾನೇ ಒಂದು ಕಪ್ಪನ್ನಿಟ್ಟು ಲೋಕದ ಕಣ್ಣಿನಿಂದ ಅದನ್ನು ಕಾಯುತ್ತಾಳೆ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದು ಜನರು ನಗುವುದುಂಟು. ನಗುವವರು ಮರೆಯುವುದೇನೆಂದರೆ, ಆ ಮುದ್ದನ್ನು ಉಂಡು ಬೆಳೆದ ಮಗುವಿಗೆ ಮುಂದೆ ಲೋಕದ ತಾತ್ಸಾರವನ್ನು ತಾಳುವ ಶಕ್ತಿ ಬರುತ್ತದೆಯೆಂಬುದು.

ಮೈಸೂರಿನವರಿಗೆ ಮಲ್ಲಿಗೆಯೆಂದರೆ ಎಲ್ಲಿಲ್ಲದ ಅಭಿಮಾನ. ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆಯನ್ನು ಹಾಕುವ ಸಂಭ್ರಮವು ಈ ಊರಿನ ಮನೆಗಳಲ್ಲಿ ಸಣ್ಣದೇನೂ ಆಗಿರಲಿಲ್ಲ. ಬಿರಿಯದ ಮೊಗ್ಗುಗಳನ್ನು ಆರಿಸಿ, ಪೋಣಿಸಿ, ನಡುನಡುವೆ ಬಣ್ಣದ ಹೂಗಳನ್ನೂ ಎಲೆಗಳನ್ನೂ ಸೇರಿಸಿ, ಹೆರಳಿನುದ್ದಕ್ಕೂ ಹೊಲಿಯಲು ತಾಯಿಗೂ ನೆರೆಹೊರೆಯವರಿಗೂ ಒಂದು ಮಧ್ಯಾಹ್ನವೇ ಬೇಕಾಗುತ್ತಿದ್ದಿತು. ಅಷ್ಟು ಹೊತ್ತು ಮಗಳು ಕದಲದೆ ಕುಳಿತಿರಬೇಕು. ಛಾಯಾಚಿತ್ರದ ಅಂಗಡಿಗಳು ಬಂದ ಮೇಲೆ ಈ ಸಂಭ್ರಮಕ್ಕೆ ಒಂದು ಹೊಸ ಅಂಗವು ಸೇರಿತು. ಹುಡುಗಿಯನ್ನು ಒಂದು ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಬೆನ್ನ ಮೇಲಣ ಜಡೆಯೂ ಒಟ್ಟಿಗೆ ಕಾಣುವಂತೆ ಚಿತ್ರವನ್ನು ತೆಗೆಯುವರು. ಮೈಸೂರಿನ ಎಷ್ಟೋ ಮನೆಗಳ ಗೋಡೆಗಳ ಮೇಲೆ ಇಂತಹ ಚಿತ್ರಗಳು ಚೌಕಟ್ಟಿನಲ್ಲಿ ನಿಂತಿವೆ. ತನ್ನ ಬೆನ್ನು ಹೇಗಿದೆಯೆಂಬುದು ಯಾರಿಗೂ ತಾನಾಗಿ ಕಾಣುವುದಿಲ್ಲ. ತಾಯಿಯು ಹಿಂದೆ ಕುಳಿತು ಮಾಡಿದ ಕೆಲಸವನ್ನು ಮಗಳು ಮೊದಲ ಬಾರಿಗೆ ಆ ಚಿತ್ರದಲ್ಲಿ ಕಂಡಳು. ಜತೆಗೆ, ತನ್ನ ಮೈಯು ಇತರರು ನೋಡತಕ್ಕ ವಸ್ತುವೆಂಬುದನ್ನೂ ಅಲ್ಲಿಯೇ ಕಲಿತಳು.

ಮದುವೆಯಲ್ಲಿ ತವರಿನವರು ಕೊಡುವ ಪಟ್ಟದ ಗೊಂಬೆಗಳ ವಿಷಯವೂ ಹೀಗೆಯೇ. ಮರದಿಂದ ಕಡೆದ ಆ ರಾಜ ರಾಣಿಯರ ಜೋಡಿಯನ್ನು ತಾಯಿಯು ಮಗಳಿಗೆ ಕೊಟ್ಟು ಕಳುಹಿಸುವಳು. ಪ್ರತಿವರ್ಷವೂ ನವರಾತ್ರಿಯಲ್ಲಿ ಮಗಳು ಅವಕ್ಕೆ ಹೊಸ ಬಟ್ಟೆಯನ್ನುಡಿಸಿ ಕೂರಿಸುವಳು. ಹೆಣ್ಣು ಹೇಗೆ ಕಾಣಬೇಕು, ಹೇಗೆ ನಿಲ್ಲಬೇಕು, ಎಷ್ಟು ಒಡವೆಯನ್ನು ಹೊರಬೇಕು ಎಂಬ ಪಾಠವನ್ನು ಗೊಂಬೆಯು ಮಾತಿಲ್ಲದೆ ಕಲಿಸುತ್ತದೆ.

ಈ ಪ್ರೀತಿಯು ಭಯಕ್ಕೆ ತಿರುಗುವ ಸಂದರ್ಭವೊಂದಿದ್ದಿತು. ಅದೇ ವಧೂಪರೀಕ್ಷೆ. ಗಂಡಿನ ಕಡೆಯವರು ಬಂದು ಕುಳಿತು, ಹುಡುಗಿಯನ್ನು ನಡೆಯಿಸಿ ಕಾಲಿನಲ್ಲಿ ಊನವಿಲ್ಲವೆಂದೂ, ಹಾಡಿಸಿ ದನಿಯಲ್ಲಿ ದೋಷವಿಲ್ಲವೆಂದೂ, ಹೆರಳನ್ನು ನೋಡಿ ಚೌರಿಯನ್ನು ಸೇರಿಸಿಲ್ಲವೆಂದೂ ನಿಶ್ಚಯಿಸಿಕೊಳ್ಳುವರು. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದರೆ ಮನೆಯಲ್ಲಿ ವರ್ಷಗಟ್ಟಲೆ ಸಿದ್ಧತೆಯಾಗಬೇಕು. ಆ ಸಿದ್ಧತೆಯ ಉಪಾಧ್ಯಾಯಿನಿಯು ತಾಯಿಯೇ. ‘ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯೆ’, ‘ಹೆಜ್ಜೆಯ ಸದ್ದು ಕೇಳಿಸಬಾರದು’, ‘ಹಲ್ಲು ಕಾಣುವಂತೆ ನಗಬೇಡ’, ‘ಇಷ್ಟು ಸೊರಗಿದರೆ ನಿನ್ನನ್ನು ಯಾರು ಒಪ್ಪುವರು?’ ಇಂತಹ ಮಾತುಗಳು ಆಡುವವರಿಗೆ ಎಚ್ಚರಿಕೆ, ಕೇಳುವವರಿಗೆ ತೀರ್ಪು. ನಿನ್ನೆಯವರೆಗೆ ದೃಷ್ಟಿಬೊಟ್ಟಿಟ್ಟ ಕಣ್ಣೇ ಈಗ ಗಂಡಿನ ಮನೆಯವರ ಕಣ್ಣನ್ನು ಎರವಲು ತಂದು ಮಗಳನ್ನು ನೋಡತೊಡಗುತ್ತದೆ. ಮಗಳ ದೇಹಭಾವನೆಯಲ್ಲಿ ಬಿರುಕು ಬೀಳುವುದು ಈ ಸ್ಥಳದಲ್ಲಿ.

ಕನ್ನಡ ಭಾಷೆಯಲ್ಲಿಯೇ ಈ ಲೆಕ್ಕಾಚಾರದ ಕುರುಹುಗಳಿವೆ. ಸಾದಗಪ್ಪು, ಎಣ್ಣೆಗೆಂಪು, ಗೋಧಿಬಣ್ಣ, ಹೀಗೆ ಮೈಬಣ್ಣಕ್ಕೆ ಹತ್ತಾರು ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದೆ. ಗಾತ್ರದ ವಿಷಯದಲ್ಲಿಯಾದರೋ ಹಿಂದಿನವರ ರುಚಿಯು ಇಂದಿನದಕ್ಕೆ ವಿರುದ್ಧವಾಗಿದ್ದಿತು. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಹೊಗಳಿಕೆ. ‘ಕಡ್ಡಿಯಾಗಿದ್ದಾಳೆ’ ಎಂಬುದು ಚಿಂತೆಯ ಮಾತು. ಇದಕ್ಕೆ ಕಾರಣವಿಲ್ಲದಿಲ್ಲ. ಕ್ಷಾಮವೂ ಕ್ಷಯವೂ ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ಮೈ ಇಳಿಯುವುದು ಸಾವಿನ ಮುನ್ಸೂಚನೆಯಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ತುತ್ತಾದರು. ಅವರ ಸ್ಮರಣಾರ್ಥವಾಗಿ ಮೈಸೂರಿನಲ್ಲಿ ಕ್ಷಯರೋಗದ ಆಸ್ಪತ್ರೆಯು ಎದ್ದು ನಿಂತಿತು. ಅರಮನೆಗೇ ಹೀಗಾದ ಮೇಲೆ ಬಡ ತಾಯಂದಿರು ಮಗಳ ತಟ್ಟೆಗೆ ಇನ್ನೊಂದು ಹಿಡಿ ಅನ್ನವನ್ನು ಬಲವಂತವಾಗಿ ಬಡಿಸಿದುದರಲ್ಲಿ ಆಶ್ಚರ್ಯವೇನಿದೆ?

ಎಲ್ಲಕ್ಕಿಂತ ಕಠೋರವಾದುದು ಬಾಲವಿಧವೆಯ ಪಾಡು. ಮೊಗ್ಗಿನ ಜಡೆಯನ್ನು ಹೊಲಿದ ತಾಯಿಯೇ ಆ ಕೂದಲನ್ನು ತೆಗೆಸುವುದಕ್ಕೆ ಒಪ್ಪಬೇಕಾಗುತ್ತಿದ್ದಿತು. ಕೂದಲು ಶುಭವೆಂದು ಹೇಳಿದ ಬಾಯಿಯೇ ಅದು ಪಾಪವೆಂದು ಹೇಳಿದರೆ ಮಗಳು ಯಾವುದನ್ನು ನಂಬಬೇಕು? ಮೈಸೂರು ಸರ್ಕಾರದವರು ೧೮೯೪ರಲ್ಲಿ ಎಂಟು ವರ್ಷಕ್ಕೆ ಕಡಿಮೆಯಾದ ಹೆಣ್ಣುಮಕ್ಕಳ ವಿವಾಹವನ್ನೂ, ಹದಿನಾಲ್ಕು ತುಂಬದ ಹುಡುಗಿಯರನ್ನು ಐವತ್ತು ಕಳೆದ ಪುರುಷರು ಮದುವೆಯಾಗುವುದನ್ನೂ ನಿಷೇಧಿಸುವ ಕಾನೂನನ್ನು ಮಾಡಿದರು. ಈ ಕಾನೂನಿನ ಎಲ್ಲೆಯು ಎಷ್ಟು ಕಿರಿದಾಗಿದ್ದಿತೆಂಬುದೇ ಆ ಕಾಲದ ಸ್ಥಿತಿಯನ್ನು ತಿಳಿಸುತ್ತದೆ. ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿದ ನಂಜನಗೂಡಿನ ತಿರುಮಲಾಂಬಾ ಅವರು ೧೯೧೩ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿ, ಇಂತಹ ಹೆಣ್ಣುಮಕ್ಕಳ ಕೈಗೆ ಪುಸ್ತಕವನ್ನು ಕೊಟ್ಟರು.

೫

೧೮೮೧ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಅರಮನೆಯ ಆಶ್ರಯದಿಂದಲೂ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಪಾಠಶಾಲೆಯು ಹುಟ್ಟಿತು. ಅಲ್ಲಿ ಹುಡುಗಿಯರು ಕಲಿತ ಪಾಠಗಳ ವಿಷಯವನ್ನು ಅನೇಕರು ಬರೆದಿರುವರು. ಪಾಠಪುಸ್ತಕದಲ್ಲಿಲ್ಲದ ಇನ್ನೊಂದು ಪಾಠವೂ ಅಲ್ಲಿದ್ದಿತು. ಮನೆಯಲ್ಲಿ ಬಣ್ಣಕ್ಕೂ ಹೆರಳಿಗೂ ಬೆಲೆ ಕಟ್ಟಿಸಿಕೊಳ್ಳುತ್ತಿದ್ದ ಬಾಲಿಕೆಗೆ ಪಾಠಶಾಲೆಯಲ್ಲಿ ಮೊದಲ ಬಾರಿಗೆ ಬರವಣಿಗೆಗೂ ಉತ್ತರಕ್ಕೂ ಬೆಲೆ ಸಿಕ್ಕಿತು. ಅವಳನ್ನು ನೋಡುವ ಕಣ್ಣುಗಳಲ್ಲಿ ತಾಯಿಯದೂ ಗಂಡಿನ ಕಡೆಯವರದೂ ಅಲ್ಲದ ಒಂದು ಮೂರನೆಯ ಕಣ್ಣು ಸೇರಿತು. ಮುಂದೆ, ಚಾಮರಾಜೇಂದ್ರ ಒಡೆಯರು ಅಕಾಲದಲ್ಲಿ ಕಾಲವಾಗಲು, ವಾಣೀವಿಲಾಸ ಸನ್ನಿಧಾನದವರು ೧೯೦೨ರ ವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ವಿಧವೆಯಾದ ತಾಯಿಯೊಬ್ಬಳು ರಾಜ್ಯವನ್ನು ನಡೆಸುತ್ತಿರುವುದನ್ನು ಊರಿನ ಹೆಣ್ಣುಮಕ್ಕಳು ಕಂಡರು. ಅದೂ ಒಂದು ಪಾಠವೇ.

ಅದೇ ಕಾಲದಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ಗಾಳಿಯು ಬೀಸಿತು. ೧೮೯೪ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಲಕ್ಷ್ಮಿ ಸರಸ್ವತಿಯರ ಬಣ್ಣದ ಪಟಗಳು ಬಡವರ ಮನೆಗಳಿಗೂ ಬಂದುವು. ಅವರ ಮೂಲಚಿತ್ರಗಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಮೈಸೂರಿನವರು ಕಣ್ಣಾರೆ ಕಂಡರು. ಶಿಲ್ಪಿಯು ಕರಿಯ ಕಲ್ಲಿನಲ್ಲಿ ಕಡೆದ ದೇವಿಯನ್ನು ಪೂಜಿಸುತ್ತಿದ್ದವರು ಈಗ ಬಿಳುಪಾದ, ದುಂಡುಮೊಗದ ದೇವಿಯನ್ನು ಪೂಜಿಸತೊಡಗಿದರು. ‘ಮಹಾಲಕ್ಷ್ಮಿಯ ಹಾಗಿದ್ದಾಳೆ’ ಎಂದು ತಾಯಿಯು ಮಗಳನ್ನು ಹೊಗಳುವಾಗ ಅವಳ ಮನಸ್ಸಿನಲ್ಲಿ ಆ ಪಟದ ಲಕ್ಷ್ಮಿಯೇ ಇದ್ದಳು. ೧೯೧೭ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯಾಯಿತು. ಅದರ ಬೆನ್ನಿಗೇ ಬೆಂಗಳೂರಿನಿಂದ ಗಂಧದ ಸಾಬೂನು ಹೊರಬಂದು ಸೀಗೆಪುಡಿಯ ಪಕ್ಕದಲ್ಲಿ ಸ್ಥಳವನ್ನು ಪಡೆಯಿತು. ಅದು ಪರಿಮಳವನ್ನು ಕೊಟ್ಟಿತೇ ಹೊರತು ಬೇರೆ ಬಣ್ಣವನ್ನು ಕೊಡುವೆನೆನ್ನಲಿಲ್ಲ. ಬಣ್ಣವನ್ನೇ ಬದಲಾಯಿಸುವೆನೆಂಬ ಆಶೆಯನ್ನು ಮಾರಿದ ಲೇಪನವು ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರಿನಿಂದ ೧೯೭೫ರಲ್ಲಿ ಪೇಟೆಗೆ ಬಂದಿತು. ನಲವತ್ತೈದು ವರ್ಷಗಳ ಮೇಲೆ, ೨೦೨೦ರಲ್ಲಿ, ಲೋಕಾಪವಾದಕ್ಕೆ ಅಂಜಿ ಹೆಸರಿನಿಂದ ಆ ಬಿಳುಪನ್ನು ತೆಗೆದುಹಾಕಿತು. ಆದರೆ ಬಿಸಿಲಿಗೆ ಹೋಗಬೇಡವೆಂಬ ಮನೆಯ 'ಮಾತು' ಪೇಟೆಯ ಲೇಪನಕ್ಕಿಂತ ಹಳೆಯದು. ಪೇಟೆಯು ಬೀಜವನ್ನು ಬಿತ್ತಲಿಲ್ಲ; ಮನೆಯಲ್ಲಿ ಬಿದ್ದಿದ್ದ ಬೀಜಕ್ಕೆ ನೀರೆರೆಯಿತು.

೬

ಮೈಸೂರು ಪೈಲ್ವಾನರ ಊರೆಂದು ಹೆಸರಾದುದು. ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಅರಮನೆಯ ಅಂಗಳದಲ್ಲಿಯೇ ನಡೆಯುತ್ತದೆ. ಬೀದಿಬೀದಿಯಲ್ಲಿಯೂ ಗರಡಿಮನೆಗಳಿದ್ದುವು. ತಂದೆಯು ಮಗನನ್ನು ಗರಡಿಗೆ ಕರೆದೊಯ್ದು ಮಣ್ಣಿನಲ್ಲಿ ಉರುಳಿಸಿ, ತೊಡೆ ತಟ್ಟಿ ನಿಲ್ಲುವುದನ್ನು ಕಲಿಸುತ್ತಿದ್ದನು. ಮಗಳಿಗೆ ಮಾತ್ರ ಮೈಯನ್ನು ಮರೆಮಾಡುವುದೇ ವಿದ್ಯೆಯಾಗಿದ್ದಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಮೈಯೆಂದರೆ ಬಲ, ತಂಗಿಗೆ ಮೈಯೆಂದರೆ ಭಾರ. ಈಗ ದಸರೆಯ ಕುಸ್ತಿಯ ಕಣದಲ್ಲಿ ಹೆಣ್ಣುಮಕ್ಕಳೂ ಸೆಣಸಿ ‘ದಸರಾ ಕಿಶೋರಿ’ಯೆಂಬ ಬಿರುದನ್ನು ಪಡೆಯುವಂತಾಗಿರುವುದನ್ನು ಎಣಿಸಿದರೆ ಕಾಲವು ಎಷ್ಟು ದೂರ ನಡೆದಿದೆಯೆಂಬುದು ತಿಳಿಯುತ್ತದೆ.

ಈ ಎರಡರ ನಡುವಣ ದಾರಿಯಲ್ಲಿ ನೆನೆಯತಕ್ಕ ಒಂದು ಮನೆಯುಂಟು. ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ೧೯೩೪ರಲ್ಲಿ ‘ಯೋಗ ಮಕರಂದ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಪ್ರಕಟಿಸಿದರು. ೧೯೩೮ರಲ್ಲಿ ತೆಗೆದ ಒಂದು ಮೂಕಚಲನಚಿತ್ರವು ಇಂದಿಗೂ ಉಳಿದಿದೆ. ಅದರಲ್ಲಿ ಆಚಾರ್ಯರೂ ಅವರ ಮೈದುನರಾದ ಬಿ. ಕೆ. ಎಸ್. ಅಯ್ಯಂಗಾರ್ಯರೂ ಆಸನಗಳನ್ನು ಹಾಕುವುದು ಕಾಣುತ್ತದೆ. ಆಚಾರ್ಯರ ಪತ್ನಿ ನಾಮಗಿರಿಯಮ್ಮನವರೂ ಹೆಣ್ಣುಮಕ್ಕಳೂ ಹಾಕುವುದೂ ಕಾಣುತ್ತದೆ. ವೈದಿಕ ಶ್ರೀವೈಷ್ಣವ ಮನೆಯ ಗೃಹಿಣಿಯೊಬ್ಬರು ಮಕ್ಕಳ ಜತೆಯಲ್ಲಿ ತಾವೂ ನೆಲದ ಮೇಲೆ ಮೈಯನ್ನು ಬಾಗಿಸಿ ನಿಲ್ಲಿಸಿದರು.

ಇದರಲ್ಲಿ ಪ್ರಕೃತ ವಿಷಯದ ಸಾರವೇ ಇದೆ. ಮೊಗ್ಗಿನ ಜಡೆಯನ್ನು ಹಾಕುವ ತಾಯಿಯು ಮಗಳ ಹಿಂದೆ ಕುಳಿತಿರುತ್ತಾಳೆ. ವಧೂಪರೀಕ್ಷೆಗೆ ಸಿದ್ಧಪಡಿಸುವ ತಾಯಿಯು ಎದುರಿಗೆ ನಿಂತಿರುತ್ತಾಳೆ. ಆಸನ ಹಾಕುವ ತಾಯಿಯು ಪಕ್ಕದಲ್ಲಿರುತ್ತಾಳೆ. ಮಗಳ ಮೈಯನ್ನು ಕುರಿತು ಆಕೆಯು ಒಂದು ಮಾತನ್ನೂ ಆಡಬೇಕಾಗಿಲ್ಲ. ತನ್ನ ಮೈಯನ್ನು ತಾನು ಹೇಗೆ ನಡೆಸಿಕೊಳ್ಳುವಳೆಂಬುದೇ ಉಪದೇಶವಾಗುತ್ತದೆ.

೭

ಹೊಸ ಶಾಸ್ತ್ರಗಳೂ ಇದನ್ನೇ ಹೇಳುವುವು. ತಾಯಿಯು ಮಗಳ ಮೈಯನ್ನು ಕುರಿತು ಮಾಡುವ ಟೀಕೆಯು ಒಂದು ದಾರಿ, ತನ್ನ ಮೈಯನ್ನೇ ಹಳಿದುಕೊಳ್ಳುತ್ತ ಕನ್ನಡಿಯ ಮುಂದೆ ನಿಟ್ಟುಸಿರು ಬಿಡುವುದು ಇನ್ನೊಂದು ದಾರಿಯೆಂದು ಮನಶ್ಶಾಸ್ತ್ರಜ್ಞರು ವಿಂಗಡಿಸಿರುವರು. ಮಗಳನ್ನು ಎಂದೂ ಆಡಿಕೊಳ್ಳದ ತಾಯಿಯು ತನ್ನನ್ನು ತಾನು ಆಡಿಕೊಂಡರೂ ಮಗಳು ಕಲಿಯುವ ಪಾಠವೊಂದೇ. ಮೈಸೂರಿನಲ್ಲಿ ಬಾಳಿ, ಮನಶ್ಶಾಸ್ತ್ರವನ್ನು ಕಲಿತು, ಮೂವತ್ತೈದು ತುಂಬುವುದರೊಳಗೆ ೧೯೬೩ರಲ್ಲಿ ತೀರಿಕೊಂಡ ತ್ರಿವೇಣಿಯವರು ಮನೆಯೊಳಗಿನ ಮಾತುಗಳೂ ನೋಟಗಳೂ ಹೆಣ್ಣಿನ ಮನಸ್ಸನ್ನು ಹೇಗೆ ಕುಗ್ಗಿಸುವುವೆಂಬುದನ್ನು ಕಾದಂಬರಿಯ ವಸ್ತುವಾಗಿ ಮಾಡಿದರು. ಅವುಗಳಲ್ಲೊಂದರ ಹೆಸರು ‘ಬೆಕ್ಕಿನ ಕಣ್ಣು’ ಎಂಬುದು ಇಲ್ಲಿ ಸ್ಮರಣೀಯವಾಗಿದೆ.

ವೈದ್ಯಶಾಸ್ತ್ರವು ಇನ್ನೂ ಆಳಕ್ಕೆ ಇಳಿದಿದೆ. ಊರವರು ಮಿಷನ್ ಆಸ್ಪತ್ರೆಯೆನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನೂ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ದಾದಿಯರು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತ ಬಂದಿದ್ದರು. ಅರ್ಧ ಶತಮಾನಕ್ಕೂ ಮೇಲೆ ಆ ಪುಸ್ತಕಗಳು ಸಂಶೋಧಕರ ಕೈಗೆ ಸಿಕ್ಕಿ, ಜನ್ಮಕಾಲದ ಗಾತ್ರಕ್ಕೂ ನಡುವಯಸ್ಸಿನ ಹೃದ್ರೋಗ ಮಧುಮೇಹಗಳಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟುವು. ೧೯೯೭ರಿಂದ ಅದೇ ಆಸ್ಪತ್ರೆಯ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಅನುಸರಿಸಿ ಇನ್ನೊಂದು ಅಧ್ಯಯನವು ನಡೆಯಿತು. ಪರೀಕ್ಷಿಸಿದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭಕಾಲದ ಮಧುಮೇಹವಿದ್ದಿತು. ಅಂತಹ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಇತರರಿಗಿಂತ ಹೆಚ್ಚಾಗಿರುವುದು ಕಂಡುಬಂದಿತು. ಮಗಳ ಮೈಯ ಗಾತ್ರವು ಅವಳ ನಾಲಗೆಯ ಚಪಲವೊಂದರಿಂದಲೇ ಆದುದಲ್ಲ. ಅದರ ಒಂದಂಶವು ತಾಯಿಯ ಗರ್ಭದಲ್ಲಿಯೇ ನಿರ್ಣಯವಾಗಿರಬಹುದು. ಹಾಗಿರುವಾಗ ‘ಎಷ್ಟು ದಪ್ಪಗಾದೆ’ ಎಂದು ಮಗಳನ್ನು ಹಂಗಿಸುವ ತಾಯಿಯು ತಾನೇ ಬರೆದ ಓಲೆಯನ್ನು ಬೇರೊಬ್ಬರ ಬರಹವೆಂದು ಹಳಿದಂತಾಗುತ್ತದೆ. ಬೇಕಾದುದು ಹಂಗಿಸುವ ಮಾತಲ್ಲ. ಇಬ್ಬರಿಗೂ ಒಟ್ಟಿಗೆ ಆರೈಕೆ.

ತಾಯಂದಿರನ್ನು ದೂಷಿಸುವುದಕ್ಕಾಗಿ ಈ ಚರಿತ್ರೆಯನ್ನು ಹೇಳಲಿಲ್ಲ. ಪ್ರತಿಯೊಬ್ಬ ತಾಯಿಯೂ ಒಂದು ಕಾಲದಲ್ಲಿ ಮಗಳಾಗಿದ್ದವಳೇ. ಅವಳ ಕಣ್ಣಿನಲ್ಲಿ ಅವಳ ತಾಯಿಯ ಕಣ್ಣು ಇನ್ನೂ ನೋಡುತ್ತಿರುತ್ತದೆ. ಮಗಳಿಗೆ ಬಾಗಿಲು ಮುಚ್ಚೀತೆಂಬ ಭಯದಿಂದ ಲೋಕದ ಮಾತನ್ನು ಮನೆಯೊಳಗೆ ತಂದವಳು ಅವಳು. ಆ ಲೋಕವನ್ನು ಕಟ್ಟಿದವಳಲ್ಲ. ಆದರೆ ಲಕ್ಷ್ಮಮ್ಮಣ್ಣಿಯವರ ಅಂತಃಪುರದಲ್ಲಿಯೂ ನಾಮಗಿರಿಯಮ್ಮನವರ ಮನೆಯಲ್ಲಿಯೂ ಹಿರಿಯಳು ಹಳೆಯ ಕಣ್ಣನ್ನು ಒರಸಿಕೊಂಡು ನೋಡಿದುದುಂಟು ಎಂಬುದಕ್ಕೆ ಈ ಊರೇ ಸಾಕ್ಷಿಯಾಗಿದೆ.

ಕುಮಾರಸಂಭವದಲ್ಲಿ ಮೇನೆಯು ಮತ್ತೊಮ್ಮೆ ಬರುತ್ತಾಳೆ. ತಪಸ್ಸು ಫಲಿಸಿ ಮದುವೆಯು ಕೂಡಿದ ದಿನ ಮಗಳ ಮುಖವನ್ನೆತ್ತಿ ತಿಲಕವನ್ನಿಟ್ಟು, ಕೈಗೆ ಕಂಕಣದ ದಾರವನ್ನು ಕಟ್ಟಲು ಹೋಗುತ್ತಾಳೆ. ಕಣ್ತುಂಬಿದ ನೀರಿನಿಂದಾಗಿ ದಾರವು ತಪ್ಪಿದ ಸ್ಥಳದಲ್ಲಿ ಬೀಳುತ್ತದೆ; ದಾದಿಯು ಬೆರಳಿನಿಂದ ಅದನ್ನು ಸರಿಪಡಿಸುತ್ತಾಳೆ. ಪ್ರೀತಿಯಿಂದ ಮಂಜಾದ ಕಣ್ಣು ತಪ್ಪುವುದು ಸಹಜ. ಮೈಸೂರಿನ ಹೆಣ್ಣುಮಕ್ಕಳಿಗೆ ಪಾಠಶಾಲೆಯೂ ಯೋಗಶಾಲೆಯೂ ಕುಸ್ತಿಯ ಕಣವೂ ಆಸ್ಪತ್ರೆಯೂ ಆ ದಾದಿಯ ಬೆರಳುಗಳಾದುವು. ದಾರವನ್ನು ಕಟ್ಟುವ ಕೈಯು ತಾಯಿಯದೇ ಆಗಿರಲಿ. ತಪ್ಪಿದಲ್ಲಿ ಸರಿಪಡಿಸುವ ಬೆರಳನ್ನು ಆಕೆಯು ದೂರ ನೂಕದಿದ್ದರೆ ಸಾಕು.